ಪುಸ್ತಕ ಮುಚ್ಚಿದ ಮೇಲೆ

ಸೊರಬದಿಂದ ಶಿರಾಳಕೊಪ್ಪದ ಮಾರ್ಗವಾಗಿ ಶಿಕಾರಿಪುರಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ, ಮಡಿಲ ಮೇಲೆ ನೋಟ್ಸನ್ನು ತೆರೆದಿಟ್ಟು, ಸಾಲುಸಾಲಿಗೂ ಬಣ್ಣದ ಗೆರೆಯೆಳೆದು, ಅದೇ ಪುಟವನ್ನು ಮರಳಿ ಮರಳಿ ಓದುತ್ತಿರುವ ಕಾಲೇಜು ವಿದ್ಯಾರ್ಥಿಗಳನ್ನು ಕಂಡಾಗಲೆಲ್ಲ, ಅವರ ಶ್ರದ್ಧೆಯ ವಿಷಯದಲ್ಲಿ ಗೌರವವೂ, ಅಷ್ಟು ಶ್ರಮಕ್ಕೆ ತಕ್ಕ ಫಲ ದೊರೆಯದೆ ಹೋಗುವುದಲ್ಲಾ ಎಂಬ ವ್ಯಥೆಯೂ ನನ್ನಲ್ಲಿ ಏಕಕಾಲಕ್ಕೆ ಉಂಟಾಗುತ್ತವೆ.

ಆ ಬಸ್ಸು ಸಾಗುವ ನೆಲವಾದರೋ ಅಧ್ಯಯನಕ್ಕೆ ಹೆಸರಾದುದು. ತಾಳಗುಂದದ ಪ್ರಣವೇಶ್ವರ ದೇವಾಲಯದೆದುರಿನ ಕಂಬದಲ್ಲಿ ಕುಬ್ಜಕವಿಯು ರಚಿಸಿದ ಐದನೆಯ ಶತಮಾನದ ಶಾಸನವು, ಕದಂಬ ವಂಶದ ಮೊದಲ ಅರಸನಾದ ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಯೆಂಬ ವಿದ್ಯಾಸ್ಥಾನಕ್ಕೆ ವಿದ್ಯಾರ್ಥಿಯಾಗಿ ತೆರಳಿದುದನ್ನು ಹೇಳುತ್ತದೆ. ಕದಂಬ ರಾಜ್ಯದ ಕಥೆಗೆ ಮೂಲವಾದುದು ಒಬ್ಬ ವಿದ್ಯಾರ್ಥಿಯ ಪ್ರಯಾಣ. ಅನತಿದೂರದ ಬಳ್ಳಿಗಾವಿಯಲ್ಲಿ, ಕೋಡಿಯಮಠವನ್ನು ಕುರಿತ 1162ರ ಶಾಸನವು, ನಾಲ್ಕು ವೇದಗಳು, ಕೌಮಾರ ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳು, ನ್ಯಾಯ ವೈಶೇಷಿಕ ಸಾಂಖ್ಯ ಬೌದ್ಧಾದಿ ದರ್ಶನಗಳು, ಹದಿನೆಂಟು ಪುರಾಣಗಳು, ಕಾವ್ಯನಾಟಕಗಳು ಎಲ್ಲಕ್ಕೂ ಅದು ನೆಲೆಯಾಗಿತ್ತೆಂದು ವರ್ಣಿಸಿ, ಅದೇ ಉಸಿರಿನಲ್ಲಿ ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಅಲ್ಲಿ ನೀಡುತ್ತಿದ್ದರೆಂದು ತಿಳಿಸುತ್ತದೆ. ಬೆಳಗಿನ ತಿಂಡಿಯನ್ನೂ ತಿನ್ನದೆ ಬಸ್ಸು ಹಿಡಿಯುವ ಮಕ್ಕಳನ್ನು ನೋಡುವಾಗ, ವಿದ್ಯೆಯನ್ನೂ ಅನ್ನವನ್ನೂ ಒಂದೆಡೆ ಇರಿಸಿದ ಆ ವಿವೇಕ ನನಗೆ ಬಹಳ ದೊಡ್ಡದೆನಿಸುತ್ತದೆ.

ಮುದ್ರಿತ ಗ್ರಂಥಗಳಿಲ್ಲದ ಆ ಕಾಲದ ವಿದ್ಯಾಭ್ಯಾಸದಲ್ಲಿ, ಪದ ಕ್ರಮ ಜಟೆ ಘನಗಳೆಂದು ವೇದಪಾಠವನ್ನು ಬಗೆಬಗೆಯಾಗಿ ಹೆಣೆದು ಒಪ್ಪಿಸುವುದೂ, ವಿದ್ವಾಂಸರೆದುರು ವಾದಕ್ಕೆ ನಿಲ್ಲುವುದೂ, ನೋಡದೆಯೇ ನೆನಪಿನಿಂದ ಹೊರತೆಗೆಯುವ ಸಾಧನೆಗಳಾಗಿದ್ದುವು. ಹೀಗೆ ನೆನಪಿನಿಂದ ಹೊರತೆಗೆಯುವುದರ ಫಲವನ್ನು ಅಳೆದು, 2006ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ನಾಲ್ಕು ಅವಧಿ ಓದಿದವರು ಐದು ನಿಮಿಷಗಳ ಬಳಿಕ ಮುಂದಿದ್ದರೂ, ಒಂದು ಅವಧಿ ಮಾತ್ರ ಓದಿ ಮೂರು ಅವಧಿ ನೆನಪಿನಿಂದ ಬರೆದವರು ವಾರದ ತರುವಾಯ ಶೇ 61ರಷ್ಟನ್ನು ಸ್ಮರಿಸಿದರು; ಓದುತ್ತಲೇ ಇದ್ದವರಿಗೆ ನೆನಪಿನಲ್ಲುಳಿದುದು ಶೇ 40 ಮಾತ್ರ. ಮರಳಿ ಓದಿದಾಗ ಉಂಟಾಗುವ ಪರಿಚಿತಭಾವವನ್ನೂ ಆ ಮೊದಲ ಐದು ನಿಮಿಷಗಳ ಮುನ್ನಡೆಯನ್ನೂ ನಾವು ಉಳಿಯುವ ಜ್ಞಾನವೆಂದು ಭ್ರಮಿಸುವೆವು.

ನೆನಪಿನಿಂದ ಹೊರತೆಗೆಯುವ ಈ ಅಭ್ಯಾಸಕ್ಕೆ ಬೆಲೆಬಾಳುವ ಉಪಕರಣವೇನೂ ಬೇಕಿಲ್ಲ. ಪಾಠವನ್ನು ಓದಿ, ಪುಸ್ತಕವನ್ನು ಮುಚ್ಚಿ, ಬರಿಯ ಹಾಳೆಯ ಮೇಲೆ ನೆನಪಾದುದನ್ನೆಲ್ಲ ಬರೆದು, ತಪ್ಪಿದುದನ್ನು ತಿದ್ದಿಕೊಂಡು, ಮರುದಿನವೊಮ್ಮೆ, ಮೂರು ನಾಲ್ಕು ದಿನಗಳ ಮೇಲೊಮ್ಮೆ, ವಾರದ ಕಡೆಯಲ್ಲೊಮ್ಮೆ ಹಾಗೆಯೇ ಮಾಡಿದರೆ ಸಾಕು. ಮೊಬೈಲ್ ಅಷ್ಟು ಹೊತ್ತು ಚೀಲದಲ್ಲಿರಲಿ. ಸೊರಬದಲ್ಲಿ ಬಸ್ಸು ಹತ್ತಿದೊಡನೆ ನೋಟ್ಸನ್ನು ಮಡಿಚಿಟ್ಟು, ನಿನ್ನೆಯ ಪಾಠವನ್ನು ಪಕ್ಕದ ಗೆಳತಿಗೆ ಹೇಳುತ್ತ ಹೋದರೆ, ಶಿರಾಳಕೊಪ್ಪ ಬರುವಷ್ಟರಲ್ಲಿ ಎಲ್ಲಿ ತಡವರಿಸಿದೆವೆಂಬುದು ತಿಳಿದಿರುತ್ತದೆ. ಆ ಒಂದು ಭಾಗವನ್ನಷ್ಟೇ ತೆರೆದು ನೋಡಲು ಶಿಕಾರಿಪುರದವರೆಗೆ ದಾರಿಯಿದೆ.