ದಿ ಕ್ಯಾಟ್ ಹೂ (ಕಾದಂಬರಿ ಸರಣಿ)

ದಿ ಕ್ಯಾಟ್ ಹೂ ಅಮೆರಿಕದ ಲೇಖಕಿ ಲಿಲಿಯನ್ ಜಾಕ್ಸನ್ ಬ್ರೌನ್ (20 ಜೂನ್ 1913 – 4 ಜೂನ್ 2011) ಅವರು ರಚಿಸಿದ ಪತ್ತೇದಾರಿ ಕಾದಂಬರಿಗಳ ಸರಣಿ. 1966ರಿಂದ 2007ರವರೆಗೆ ಈ ಸರಣಿಯಲ್ಲಿ 29 ಕಾದಂಬರಿಗಳು ಪ್ರಕಟವಾದವು. ಎಲ್ಲ ಶೀರ್ಷಿಕೆಗಳೂ ‘ದಿ ಕ್ಯಾಟ್ ಹೂ’ ಎಂಬ ಪದಗಳಿಂದಲೇ ಆರಂಭವಾಗುವುದರಿಂದ ಸರಣಿಗೆ ಅದೇ ಹೆಸರು ನಿಂತಿತು. ಮೊದಲ ಕಾದಂಬರಿಯ ಶೀರ್ಷಿಕೆಯನ್ನು ‘ಹಿಂದುಮುಂದಾಗಿ ಓದಬಲ್ಲ ಬೆಕ್ಕು’ ಎಂದು ಕನ್ನಡದಲ್ಲಿ ಅರ್ಥೈಸಬಹುದು. ಜಿಮ್ ಕ್ವಿಲ್ಲರನ್ ಎಂಬ ಪತ್ರಕರ್ತ ಮತ್ತು ಅವನ ಎರಡು ಸಯಾಮೀ ಬೆಕ್ಕುಗಳಾದ ಕೋಕೋ ಹಾಗೂ ಯಮ್ ಯಮ್ ಈ ಕೃತಿಗಳ ಕೇಂದ್ರ ಪಾತ್ರಗಳು. ಸಾಕುಪ್ರಾಣಿಯೊಡನೆ ಬಾಳುವ ಹವ್ಯಾಸಿ ಪತ್ತೇದಾರನನ್ನು ನಾಯಕನನ್ನಾಗಿಸಿ ಅನಂತರ ಬಂದ ಹಲವಾರು ಇಂಗ್ಲಿಷ್ ಕಾದಂಬರಿಗಳಿಗೆ ಈ ಸರಣಿಯು ದಾರಿ ಮಾಡಿಕೊಟ್ಟಿತು.

ಪ್ರಕಾರ

ಈ ಕೃತಿಗಳು ಇಂಗ್ಲಿಷಿನಲ್ಲಿ ‘ಕೋಝಿ ಮಿಸ್ಟರಿ’ ಎಂದು ಕರೆಯಲಾಗುವ ಉಪಪ್ರಕಾರಕ್ಕೆ ಸೇರುತ್ತವೆ. ಕೋಝಿ ಎಂದರೆ ಬೆಚ್ಚಗಿನ, ಹಿತವಾದ ಎಂದರ್ಥ. ಇಂತಹ ಕಾದಂಬರಿಯಲ್ಲಿ ಕೊಲೆ ನಡೆಯುತ್ತದೆ, ಆದರೆ ಸಾಮಾನ್ಯವಾಗಿ ಓದುಗರ ಕಣ್ಣೆದುರು ನಡೆಯುವುದಿಲ್ಲ. ರಕ್ತಪಾತದ ವರ್ಣನೆಯೂ ಅಶ್ಲೀಲತೆಯೂ ಇರುವುದಿಲ್ಲ. ಎಲ್ಲರಿಗೂ ಎಲ್ಲರ ಪರಿಚಯವಿರುವ ಸಣ್ಣ ಊರು ಕಥೆಯ ಭೂಮಿ. ಪತ್ತೇದಾರಿಕೆ ನಡೆಸುವವರು ಪೊಲೀಸರಲ್ಲ, ಬೇರೊಂದು ವೃತ್ತಿಯಲ್ಲಿರುವ ಅಥವಾ ನಿವೃತ್ತರಾದ ಸಾಮಾನ್ಯರು. ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್, ಅಂದರೆ 1930ರಲ್ಲಿ ಮೊದಲ ಬಾರಿಗೆ ಕಾದಂಬರಿಯೊಂದರ ನಾಯಕಿಯಾಗಿ ಬಂದ ಸೇಂಟ್ ಮೇರಿ ಮೀಡ್ ಗ್ರಾಮದ ವೃದ್ಧೆ, ಈ ಪರಂಪರೆಯ ಹಿರಿಯ ಮಾದರಿ. ಮಿಸ್ ಮಾರ್ಪಲ್ ಹೆಣಿಗೆ ಹಾಕುತ್ತ ಊರಿನ ಮಾತುಗಳಿಗೆ ಕಿವಿಗೊಡುತ್ತಾಳೆ. ಕ್ವಿಲ್ಲರನ್ ಬೆಕ್ಕಿಗೆ ಊಟ ಬಡಿಸುತ್ತ ಅದರ ನಡವಳಿಕೆಯನ್ನು ಗಮನಿಸುತ್ತಾನೆ.

ಹುಟ್ಟು

ಸರಣಿಯ ಮೂಲದಲ್ಲಿರುವುದು ಒಂದು ನಿಜವಾದ ಸಾವು. ಬ್ರೌನ್ ಅವರಿಗೆ ನಲವತ್ತು ತುಂಬಿದಾಗ ಪತಿಯು ಸಯಾಮೀ ಬೆಕ್ಕಿನ ಮರಿಯೊಂದನ್ನು ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟಿದ್ದರು. ಅದಕ್ಕೆ ಕೋಕೋ ಎಂದು ಹೆಸರಿಟ್ಟರು. ಅವರು ವಾಸವಾಗಿದ್ದ ಬಹುಮಹಡಿ ಕಟ್ಟಡದ ಹತ್ತನೆಯ ಅಂತಸ್ತಿನ ಕಿಟಕಿಯಿಂದ ಬಿದ್ದು ಆ ಬೆಕ್ಕು ಸತ್ತಿತು. ಅದು ತಾನಾಗಿ ಬೀಳಲಿಲ್ಲ, ಯಾರೋ ಬೇಕೆಂದೇ ತಳ್ಳಿದರು ಎಂಬ ಮಾತು ನೆರೆಹೊರೆಯಲ್ಲಿ ಹಬ್ಬಿತು. ಆ ದುಃಖದಿಂದ ಹೊರಬರಲು ಬ್ರೌನ್ ಒಂದು ಸಣ್ಣಕಥೆ ಬರೆದರು. ‘ದಿ ಸಿನ್ ಆಫ್ ಮೇಡಮ್ ಫ್ಲೊಯಿ’ ಎಂಬ ಆ ಕಥೆ 1962ರಲ್ಲಿ ‘ಎಲ್ಲರಿ ಕ್ವೀನ್ಸ್ ಮಿಸ್ಟರಿ ಮ್ಯಾಗಝಿನ್’ ಪತ್ರಿಕೆಯಲ್ಲಿ ಬಂದಿತು. ಕಿಟಕಿಯಿಂದ ಬಿದ್ದು ಸತ್ತ ಮಗನಿಗಾಗಿ ತಾಯಿಬೆಕ್ಕು ಸೇಡು ತೀರಿಸಿಕೊಳ್ಳುವುದೇ ಅದರ ವಸ್ತು. ಜೀವನದಲ್ಲಿ ದೊರೆಯದ ನ್ಯಾಯ ಕಥೆಯಲ್ಲಿ ದೊರೆಯಿತು. ಮುಂದೆ ಕಾದಂಬರಿಯ ಬೆಕ್ಕಿಗೂ ಕೋಕೋ ಎಂಬ ಹೆಸರೇ ಬಂದುದನ್ನು ಗಮನಿಸಿದರೆ, ಹಗುರವಾಗಿ ಓದಿಸಿಕೊಳ್ಳುವ ಈ ಪುಸ್ತಕಗಳ ಅಡಿಯಲ್ಲಿರುವ ನೋವು ತಿಳಿಯುತ್ತದೆ.

ಬ್ರೌನ್ ಸುಮಾರು ಮೂವತ್ತು ವರ್ಷ ‘ಡೆಟ್ರಾಯಿಟ್ ಫ್ರೀ ಪ್ರೆಸ್’ ದಿನಪತ್ರಿಕೆಯಲ್ಲಿ ದುಡಿದು 1978ರಲ್ಲಿ ನಿವೃತ್ತರಾದರು. ಅಲ್ಲಿ ಗೃಹಾಲಂಕಾರ ಮೊದಲಾದ ವಿಷಯಗಳ ವಿಭಾಗಕ್ಕೆ ಸಂಪಾದಕಿಯಾಗಿದ್ದರು. ಮೊದಲ ಮೂರು ಕಾದಂಬರಿಗಳ ವಸ್ತು ಕ್ರಮವಾಗಿ ಚಿತ್ರಕಲಾ ವಲಯ (1966), ಒಳಾಂಗಣ ಅಲಂಕಾರ (1967) ಮತ್ತು ಹಳೆಯ ಸಾಮಾನುಗಳ ವ್ಯಾಪಾರ (1968). ತಾವು ಪತ್ರಿಕೆಗಾಗಿ ಪ್ರತಿದಿನ ನೋಡುತ್ತಿದ್ದ ಲೋಕವನ್ನೇ ಅವರು ಕಥೆಗೆ ತಂದಿದ್ದರು.

ಹದಿನೆಂಟು ವರ್ಷಗಳ ಮೌನ

ಮೂರನೆಯ ಕಾದಂಬರಿಯ ನಂತರ ಸರಣಿ ನಿಂತುಹೋಯಿತು. ಅಂದಿನ ಅಮೆರಿಕದ ಪತ್ತೇದಾರಿ ಸಾಹಿತ್ಯದಲ್ಲಿ ಹಿಂಸೆ ಮತ್ತು ಕಾಮದ ಚಿತ್ರಣಕ್ಕೆ ಬೇಡಿಕೆ ಹೆಚ್ಚಿದ್ದುದರಿಂದ ಬೆಕ್ಕಿನ ಸೌಮ್ಯ ಕಥೆಗಳು ಹಳತಾಗಿ ಕಂಡವು. ಬ್ರೌನ್ ತಮ್ಮ ಬರವಣಿಗೆಯನ್ನು ಆ ರುಚಿಗೆ ತಕ್ಕಂತೆ ಬದಲಿಸಿಕೊಳ್ಳಲಿಲ್ಲ. ಪತ್ರಿಕಾ ವೃತ್ತಿಯಲ್ಲಿ ಮುಂದುವರಿದರು. ನಿವೃತ್ತಿಯ ಬಳಿಕ, ಎರಡನೆಯ ಪತಿ ಅರ್ಲ್ ಬೆಟಿಂಗರ್ ಅವರ ಪ್ರೋತ್ಸಾಹದಿಂದ, ‘ದಿ ಕ್ಯಾಟ್ ಹೂ ಸಾ ರೆಡ್’ 1986ರಲ್ಲಿ ಹೊರಬಂದಿತು. ಆಗ ಲೇಖಕಿಯ ವಯಸ್ಸು ಎಪ್ಪತ್ತು ದಾಟಿತ್ತು. ಈ ಕೃತಿ ಅಮೆರಿಕದ ರಹಸ್ಯಕಥಾ ಲೇಖಕರ ಸಂಘವು ನೀಡುವ ಎಡ್ಗರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಉಳಿದೆಲ್ಲ ಕಾದಂಬರಿಗಳೂ ಇದಾದ ಮೇಲಿನ ಇಪ್ಪತ್ತೊಂದು ವರ್ಷಗಳಲ್ಲಿ ಬಂದವು. ಅಂದರೆ ಸರಣಿಯ ಬಹುಭಾಗವು ನಿವೃತ್ತ ಜೀವನದ ಫಲ.

ಪಾತ್ರಗಳು ಮತ್ತು ಊರು

ಕ್ವಿಲ್ಲರನ್ ಹುಟ್ಟಾ ಪ್ರಾಣಿಪ್ರಿಯನೇನಲ್ಲ. ಒಂದು ಕಾಲಕ್ಕೆ ಹೆಸರಾಂತ ಅಪರಾಧ ವರದಿಗಾರನಾಗಿದ್ದು, ವಿವಾಹವಿಚ್ಛೇದನ ಮತ್ತು ಕುಡಿತದಿಂದ ಕೆಳಗಿಳಿದು, ‘ಡೈಲಿ ಫ್ಲಕ್ಷನ್’ ಎಂಬ ಪತ್ರಿಕೆಯಲ್ಲಿ ತನಗೆ ಗಂಧವೂ ಇಲ್ಲದ ಚಿತ್ರಕಲೆಯ ಬಗ್ಗೆ ಬರೆಯುವ ಕೆಲಸಕ್ಕೆ ಸೇರುತ್ತಾನೆ. ಕಲಾವಿಮರ್ಶಕ ಮೌಂಟ್‌ಕ್ಲೆಮೆನ್ಸನ ಮನೆಯಲ್ಲಿ ಬಾಡಿಗೆಗೆ ಇರುತ್ತಾನೆ. ವಿಮರ್ಶಕನು ಕೊಲೆಯಾದ ನಂತರ ಅನಾಥವಾದ ಕೋಕೋ ಇವನ ಪಾಲಿಗೆ ಬರುತ್ತದೆ. ಎರಡನೆಯ ಕಾದಂಬರಿಯಲ್ಲಿ ಯಮ್ ಯಮ್ ಎಂಬ ಹೆಣ್ಣು ಬೆಕ್ಕು ಸೇರಿಕೊಳ್ಳುತ್ತದೆ. ಎರಡೂ ಪ್ರಾಣಿಗಳು ಮನೆಯೊಡೆಯರನ್ನು ಕಳೆದುಕೊಂಡವು; ಅವುಗಳನ್ನು ಸಾಕುವ ಹೊಣೆಯಲ್ಲಿ ಕ್ವಿಲ್ಲರನ್ ತನ್ನ ಬಾಳನ್ನೂ ನೇರ್ಪಡಿಸಿಕೊಳ್ಳುತ್ತಾನೆ. ಅವನ ದಪ್ಪ ಮೀಸೆಯು ಅನುಮಾನ ಬಂದಾಗಲೆಲ್ಲ ಜುಮ್ಮೆನ್ನುವುದು ಸರಣಿಯುದ್ದಕ್ಕೂ ಮರಳಿ ಬರುವ ಹಾಸ್ಯ. ಅವನ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ‘ಕ್ಯೂ’ ಅಕ್ಷರದ ನಂತರ ರೂಢಿಯ ‘ಯು’ ಬದಲು ‘ಡಬ್ಲ್ಯು’ ಇದ್ದು, ಕಥೆಯೊಳಗಿನ ಅಚ್ಚುಮೊಳೆಯವರಿಗೂ ಕರಡು ತಿದ್ದುವವರಿಗೂ ಅದೊಂದು ತಲೆನೋವು.

ಕೋಕೋನ ಪೂರ್ಣ ಹೆಸರು ಕಾವ್ ಕೊ ಕುಂಗ್. ಇದು 13ನೆಯ ಶತಮಾನದ ಚೀನೀ ಚಿತ್ರಕಾರನೊಬ್ಬನದು. ಕೋಕೋ ಮತ್ತು ಯಮ್ ಯಮ್ ಎಂಬ ಜೋಡಿ ಹೆಸರು ಗಿಲ್ಬರ್ಟ್ ಮತ್ತು ಸಲ್ಲಿವನ್ ಅವರ ‘ದಿ ಮಿಕಾಡೊ’ ಗೀತನಾಟಕದ ಪಾತ್ರಗಳನ್ನೂ ನೆನಪಿಸುತ್ತದೆ.

1987ರ ‘ದಿ ಕ್ಯಾಟ್ ಹೂ ಪ್ಲೇಯ್ಡ್ ಬ್ರಾಮ್ಸ್’ ಕಾದಂಬರಿಯಿಂದ ಕಥೆ ಮಹಾನಗರವನ್ನು ಬಿಟ್ಟು ಉತ್ತರದ ಮೂಸ್ ಕೌಂಟಿ ಎಂಬ ಕಲ್ಪಿತ ಪ್ರದೇಶಕ್ಕೆ ಸರಿಯುತ್ತದೆ. ಗಣಿಗಾರಿಕೆಯಿಂದ ಒಮ್ಮೆ ಮೆರೆದು, ಗಣಿಗಳು ಮುಚ್ಚಿದ ಮೇಲೆ ಬಡವಾದ ಸೀಮೆ ಅದು. ಅದರ ಮುಖ್ಯ ಪಟ್ಟಣ ಪಿಕಾಕ್ಸ್. ಫ್ಯಾನಿ ಕ್ಲಿಂಗನ್‌ಶೋನ್ ಎಂಬ ವೃದ್ಧೆಯ ಅಪಾರ ಆಸ್ತಿ ಕ್ವಿಲ್ಲರನ್‌ಗೆ ಬರುತ್ತದೆ. ಐದು ವರ್ಷ ಅಲ್ಲಿಯೇ ನೆಲೆಸಬೇಕೆಂಬುದು ಮರಣಶಾಸನದ ಷರತ್ತು. ಹಣವನ್ನು ಅವನು ಪ್ರತಿಷ್ಠಾನವೊಂದಕ್ಕೆ ವಹಿಸಿ, ಸೇಬಿನ ತೋಟದ ಹಳೆಯ ಕಣಜವನ್ನು ಮನೆಯಾಗಿ ಮಾರ್ಪಡಿಸಿಕೊಂಡು, ಸ್ಥಳೀಯ ಪತ್ರಿಕೆಗೆ ಅಂಕಣ ಬರೆಯುತ್ತ ಉಳಿಯುತ್ತಾನೆ. ಗ್ರಂಥಪಾಲಕಿ ಪಾಲಿ ಡಂಕನ್ ಅವನ ಆಪ್ತ ಗೆಳತಿ. ಪ್ರತಿಷ್ಠಾನದ ದಾನದಿಂದ ಶಾಲೆ, ಆಸ್ಪತ್ರೆಗಳು ಚೇತರಿಸಿಕೊಳ್ಳುತ್ತವೆ. ಆ ಕುಟುಂಬದ ಸಂಪತ್ತಿನ ಮೂಲ ಮಾತ್ರ ಗಣಿ ಕಾರ್ಮಿಕರಿಗಾಗಿ ನಡೆಸಿದ ಮದ್ಯದಂಗಡಿ ಎಂಬುದನ್ನು ಊರು ಮರೆತಿಲ್ಲ.

ಬೆಕ್ಕು ಪತ್ತೇದಾರಿಕೆ ಮಾಡುತ್ತದೆಯೇ?

ಸರಣಿಯ ಕುರಿತ ಚರ್ಚೆಗಳಲ್ಲಿ ಮುಖ್ಯವಾದುದು ಇದು. ಕೋಕೋ ಕಪಾಟಿನಿಂದ ಪುಸ್ತಕವೊಂದನ್ನು ಕೆಳಗೆ ಬೀಳಿಸುತ್ತದೆ. ಅದರ ಶೀರ್ಷಿಕೆಯಲ್ಲಿ ಅಪರಾಧದ ಸುಳಿವು ಅಡಗಿರುತ್ತದೆ. ಪತ್ರಿಕೆಯ ತಲೆಬರಹದ ಮೇಲೆ ಮೂಗನ್ನು ಬಲದಿಂದ ಎಡಕ್ಕೆ ಎಳೆಯುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಊಳಿಡುತ್ತದೆ. ಇವುಗಳ ಅರ್ಥ ಕ್ವಿಲ್ಲರನ್‌ಗೆ ಹೊಳೆಯುವುದು ಬಹುಮಟ್ಟಿಗೆ ಘಟನೆ ಮುಗಿಯುವ ಹೊತ್ತಿಗೆ. ಯಮ್ ಯಮ್ ಕೆಲಸ ಬೇರೆ: ಹೊಳೆಯುವ ಸಣ್ಣಪುಟ್ಟ ವಸ್ತುಗಳನ್ನು ಕದ್ದು ಬಚ್ಚಿಡುವುದು.

ಇಂಗ್ಲೆಂಡಿನ ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಈ ಸಾಹಿತ್ಯಕ್ಕೆ ಹತ್ತು ನಿಯಮಗಳನ್ನು ವಿಧಿಸಿದ್ದರು. ಅಲೌಕಿಕ ಶಕ್ತಿಗೆ ಎಡೆ ಇರಕೂಡದು. ಆಕಸ್ಮಿಕವಾಗಲಿ ಕಾರಣವಿಲ್ಲದ ಒಳಅರಿವಾಗಲಿ ಪತ್ತೇದಾರನಿಗೆ ನೆರವಾಗಕೂಡದು ಎಂಬುವು ಅವುಗಳಲ್ಲಿ ಸೇರಿವೆ. ಈ ಅಳತೆಗೋಲಿನಿಂದ ನೋಡಿದರೆ ಕೋಕೋನ ಪ್ರತಿಯೊಂದು ಚೇಷ್ಟೆಯೂ ನಿಯಮಭಂಗ. 1892ರ ‘ಸಿಲ್ವರ್ ಬ್ಲೇಝ್’ ಕಥೆಯಲ್ಲಿ ಷರ್ಲಾಕ್ ಹೋಮ್ಸ್ ನಾಯಿಯು ರಾತ್ರಿ ಬೊಗಳದೇ ಇದ್ದುದರಿಂದ ಬಂದವನು ಅದಕ್ಕೆ ಪರಿಚಿತನೇ ಎಂದು ತರ್ಕಿಸುತ್ತಾನೆ. ಅಲ್ಲಿ ನಾಯಿ ನಾಯಿಯಂತೆಯೇ ವರ್ತಿಸಿದೆ, ಬುದ್ಧಿ ಹೋಮ್ಸನದು; ಇಲ್ಲಿ ಬುದ್ಧಿ ಯಾರದೆಂದು ಹೇಳುವುದು ಸುಲಭವಲ್ಲ. ಆದರೆ ಬ್ರೌನ್ ಪರವಾಗಿಯೂ ಒಂದು ಮಾತು ಹೇಳಬೇಕು. ಕೋಕೋ ಎಂದೂ ಮಾತನಾಡುವುದಿಲ್ಲ, ಬೆಕ್ಕು ಮಾಡಲಾರದ ಕೆಲಸವನ್ನು ಸಾಧಾರಣವಾಗಿ ಮಾಡುವುದಿಲ್ಲ. ಪುಸ್ತಕ ಬೀಳಿಸದ ಬೆಕ್ಕನ್ನು ಸಾಕಿದವರು ವಿರಳ. ಅದು ಸುಳಿವೋ ಕಾಕತಾಳೀಯವೋ ಎಂಬ ಸಂದೇಹವನ್ನು ಲೇಖಕಿ ಕೊನೆಯವರೆಗೂ ಬಗೆಹರಿಸದೆ ಉಳಿಸಿಕೊಂಡರು, ಸರಣಿಯ ಸೊಗಸಿಗೆ ಅದೇ ಕಾರಣ.

ಕೊನೆಯ ಕಾದಂಬರಿಗಳು

ಮೂಸ್ ಕೌಂಟಿಯ ನಾಟಕಗಳು, ಭೋಜನಗಳು, ಊರಮಾತುಗಳು ಹಿಗ್ಗುತ್ತ ಹೋದಂತೆ ರಹಸ್ಯದ ಎಳೆ ಸಡಿಲವಾಯಿತು. 2000ದ ನಂತರದ ಕೃತಿಗಳಲ್ಲಿ ಈ ದೋಷ ಎದ್ದು ಕಾಣುತ್ತದೆ; ನಿಷ್ಠಾವಂತ ಓದುಗರೂ ಇದನ್ನು ಎತ್ತಿ ತೋರಿಸಿದ್ದಾರೆ. ಸರಣಿಯನ್ನು ಹೊಸದಾಗಿ ಓದುವವರಿಗೆ 1986–88ರ ಕಾದಂಬರಿಗಳು ತಕ್ಕ ಆರಂಭ. 2007ರ ‘ದಿ ಕ್ಯಾಟ್ ಹೂ ಹ್ಯಾಡ್ 60 ವಿಸ್ಕರ್ಸ್’ ಕೊನೆಯದಾಯಿತು. ಮೂವತ್ತನೆಯದು ಯೋಜನೆಯಲ್ಲಿದ್ದರೂ ಹೊರಬರಲಿಲ್ಲ.

ಇತರ ಲೇಖಕರು

1990ರಲ್ಲಿ ಇದೇ ಹಾದಿಯ ಎರಡು ಸರಣಿಗಳು ಆರಂಭವಾದವು. ರೀಟಾ ಮೇ ಬ್ರೌನ್ (ಲಿಲಿಯನ್ ಅವರ ಬಂಧುವಲ್ಲ) ವರ್ಜೀನಿಯಾದ ಕ್ರೋಝೆ ಊರಿನ ಅಂಚೆ ಅಧಿಕಾರಿಣಿ ಹ್ಯಾರಿಯನ್ನು ನಾಯಕಿಯಾಗಿಸಿದರು. ಅವಳ ಬೆಕ್ಕು ಮಿಸೆಸ್ ಮರ್ಫಿ ಮತ್ತು ನಾಯಿ ಟಕರ್ ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುತ್ತವೆ, ಮನುಷ್ಯರಿಗೆ ಮಾತ್ರ ಅದು ತಿಳಿಯದು. ತಮ್ಮ ಬೆಕ್ಕಾದ ಸ್ನೀಕಿ ಪೈ ಹೆಸರನ್ನು ಅವರು ಸಹಲೇಖಕಿಯಾಗಿ ಮುಖಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಸೂಸನ್ ಕಾನಂಟ್ ಅವರ ಹಾಲಿ ವಿಂಟರ್ ನಾಯಿಗಳ ಕುರಿತ ಪತ್ರಿಕೆಯ ಅಂಕಣಗಾರ್ತಿ. ಅಲ್ಲಿ ನಾಯಿಗಳು ಮಾತನಾಡುವುದಿಲ್ಲ, ಅವುಗಳ ತರಬೇತಿ ಮತ್ತು ತಳಿಗಳ ತಿಳಿವಳಿಕೆಯೇ ಕಥೆಗೆ ಆಧಾರ. ಶರ್ಲಿ ರೂಸೋ ಮರ್ಫಿ 1996ರಲ್ಲಿ ಆರಂಭಿಸಿದ ಸರಣಿಯ ಜೋ ಗ್ರೇ ಎಂಬ ಬೆಕ್ಕು ಇನ್ನೂ ಮುಂದೆ ಹೋಗಿ ಮನುಷ್ಯರೊಡನೆಯೇ ಮಾತಿಗಿಳಿಯುತ್ತದೆ.