ಊರಿನ ಹೆಸರು, ಊಟದ ಹೆಸರು

ಕೆಲವು ವರ್ಷಗಳ ಹಿಂದೆ ಸೊರಬದ ಕಡೆಯ ವಿದ್ಯಾರ್ಥಿಯೊಬ್ಬನು ತನ್ನ ಮನೆಯ ವಿಷಯವಾಗಿ ಬರೆದ ಪ್ರಬಂಧದಲ್ಲಿ 'ತಂಬುಳಿ' ಎಂಬ ಮಾತು ಬಂದಿತ್ತು. ನಾವು ಅದರ ಕೆಳಗೆ ಕೆಂಪು ಗೀಟೆಳೆದು 'ಗ್ರಾಮ್ಯ' ಎಂದು ಬರೆದೆವು. ಹುಡುಗನು ಮರುಮಾತಾಡದೆ ಅದನ್ನು ಹೊಡೆದುಹಾಕಿ, 'ತಕ್ರದಿಂದ ಮಾಡಿದ ವ್ಯಂಜನ' ಎಂದು ತಿದ್ದಿ ತಂದನು. ನಾವು ಅದನ್ನು ಮೆಚ್ಚಿಯೂ ಬಿಟ್ಟೆವು. ತಪ್ಪು ಯಾರದೆಂಬುದು ನಮಗೆ ತಿಳಿದದ್ದು ತಡವಾಗಿ. ಈ ಹೊತ್ತಿನ ಭಾಷಣಕ್ಕೆ ಆ ತಪ್ಪೇ ಕಾರಣ.

ಹೆಸರುಗಳ ಹುಟ್ಟನ್ನು ಕೇಳಿದರೆ ಜನರು ಸಾಮಾನ್ಯವಾಗಿ ಒಂದು ಕಥೆಯನ್ನು ಹೇಳುತ್ತಾರೆ. ಸೊರಬವೆಂದರೆ ಸುರಭಿಪುರ, ಕಾಮಧೇನುವಾದ ಸುರಭಿಯು ಅಲ್ಲಿ ದೇವರಿಗೆ ಹಾಲು ಕರೆಯಿತು, ಎಂಬುದೊಂದು ಕಥೆ. ನೆರೆಯ ಬಳ್ಳಿಗಾವೆಯು ಬಲಿಚಕ್ರವರ್ತಿಯ ರಾಜಧಾನಿಯೆಂಬುದು ಇನ್ನೊಂದು. ಇವು ಕೇಳಲು ಇಂಪಾಗಿವೆ. ಊರಿಗೆ ಗೌರವವನ್ನೂ ತರುತ್ತವೆ. ಆದರೆ ಹೆಸರನ್ನು ಮೊದಲು ಇಟ್ಟುಕೊಂಡು, ಅದಕ್ಕೊಪ್ಪುವ ಕಥೆಯನ್ನು ಆಮೇಲೆ ಕಟ್ಟುವುದೂ ಲೋಕದಲ್ಲಿ ಉಂಟು. ಆದಕಾರಣ ಕಥೆಯ ಜೊತೆಗೆ ಕಲ್ಲಿನ ಮಾತನ್ನೂ ಕೇಳಬೇಕು. ಈ ಎರಡು ತಾಲ್ಲೂಕುಗಳಲ್ಲಿ ಅದಕ್ಕೆ ಕೊರತೆಯಿಲ್ಲ. ರೈಸ್ ಸಾಹೇಬರು ಶಿಕಾರಿಪುರದ ಶಾಸನಗಳನ್ನು ೧೯೦೨ರಲ್ಲಿಯೂ ಸೊರಬದವನ್ನು ೧೯೦೪ರಲ್ಲಿಯೂ ಅಚ್ಚುಹಾಕಿಸಿದರು.

ಶಿಕಾರಿಪುರ ತಾಲ್ಲೂಕಿನ ತಾಳಗುಂದವನ್ನು ನೋಡೋಣ. ಅಲ್ಲಿನ ಪ್ರಸಿದ್ಧ ಸ್ತಂಭಶಾಸನವು ಕದಂಬರ ಕಾಲದ್ದು, ಸುಮಾರು ೫ನೆಯ ಶತಮಾನದ್ದು. ಅದರಲ್ಲಿ ಊರಿನ ಹೆಸರು ಸ್ಥಾನಕುಂದೂರು. ಮುಂದೆ ಅದೇ ತಾಣಗುಂದೂರಾಗಿ, ಈಗ ತಾಳಗುಂದವಾಗಿದೆ. ಇಲ್ಲಿ ದೇವತೆಯೂ ಇಲ್ಲ, ರಾಕ್ಷಸನೂ ಇಲ್ಲ. ಹೊಳೆಯ ಕಲ್ಲು ಸವೆಯುವಂತೆ ನಾಲಗೆಯ ಮೇಲೆ ಹೆಸರು ಸವೆದಿದೆ, ಅಷ್ಟೆ. ಶಿಕಾರಿಪುರದ ಸಂಗತಿ ಬೇರೆ. ರೈಸ್ ಸಾಹೇಬರ ಗೆಜೆಟಿಯರಿನ ಪ್ರಕಾರ ಅದು ಮೊದಲು ಮಳಿಯನಹಳ್ಳಿ. ಕೆಳದಿಯ ಅರಸರ ಕಾಲದಲ್ಲಿ ಮಹಾದಾನಪುರ. ಹೈದರಾಲಿಯೋ ಟೀಪು ಸುಲ್ತಾನನೋ ಬೇಟೆಗೆಂದು ಬಂದು, ಮೃಗಗಳ ಸಮೃದ್ಧಿಯನ್ನು ಕಂಡು ಇಟ್ಟ ಹೆಸರು ಶಿಕಾರಿಪುರ. ಪಾರಸಿಯ ಶಿಕಾರಿಯೂ ಸಂಸ್ಕೃತದ ಪುರವೂ ಕನ್ನಡದ ನೆಲದಲ್ಲಿ ಕೂಡಿ ಬಾಳುತ್ತಿವೆ.

ಅದೇ ಊರಿನ ಆಂಜನೇಯನನ್ನು ಜನರು ಹುಚ್ಚರಾಯನೆಂದು ಕರೆಯುತ್ತಾರೆ. ಅಲ್ಲಿನ ಕೆರೆಯೂ ಹುಚ್ಚರಾಯನ ಕೆರೆಯೇ. ಪಂಡಿತರು ಆತನನ್ನು ಭ್ರಾಂತೇಶನೆಂದು ಕರೆದು, ಸಾತೇನಹಳ್ಳಿಯ ಶಾಂತೇಶ, ಕದರಮಂಡಲಗಿಯ ಕಾಂತೇಶ ಇವರೊಡನೆ ಸೇರಿಸಿ ಹೇಳುತ್ತಾರೆ. ಹುಚ್ಚಿಗೂ ಭ್ರಾಂತಿಗೂ ಅರ್ಥ ಒಂದೇ. ಆದರೂ ಸಂಸ್ಕೃತದಲ್ಲಿ ಹೇಳಿದಾಗ ಕೈಮುಗಿಯುವ ಪಟ್ಟಣಿಗನು ಕನ್ನಡದಲ್ಲಿ ಹೇಳಿದಾಗ ನಗುತ್ತಾನೆ. ಹಳ್ಳಿಯವನಿಗೆ ಆ ನಗೆ ಬಾರದು. ಅವನು ಹುಚ್ಚಪ್ಪನೆಂದು ಮಗನಿಗೂ ಹೆಸರಿಡುತ್ತಾನೆ.

ಮಲೆನಾಡೆಂಬ ಮಾತಿನಲ್ಲಿಯೂ ಇಂಥದೊಂದು ತೊಡಕುಂಟು. ಅಲ್ಲಿ ಬಿಡದೆ ಸುರಿಯುವ ಮಳೆಯನ್ನು ಕಂಡು, ಮಳೆಯ ನಾಡೇ ಮಲೆನಾಡು ಎಂದು ಹೇಳುವವರಿದ್ದಾರೆ. ಇಲ್ಲಿರುವುದು ಬೆಟ್ಟವೆಂಬ ಅರ್ಥದ ಮಲೆ, ಮಲೆಯಾಳದಲ್ಲಿರುವುದೂ ಅದೇ. ಸುರಿಯುವ ಮಳೆಯನ್ನು ಹಿಂದಿನವರು ಬೇರೆಯೇ ಅಕ್ಷರದಿಂದ 'ಮೞೆ' ಎಂದು ಬರೆಯುತ್ತಿದ್ದರು. ಎರಡು ಧ್ವನಿಗಳೂ ಎಂದೂ ಒಂದಾಗಿರಲಿಲ್ಲ.

ಇನ್ನು ಆ ತಂಬುಳಿಯ ಮಾತು. ಒಂದೆಲಗವನ್ನೋ ಹುರಿದ ಮೆಂತ್ಯವನ್ನೋ ತೆಂಗಿನ ತುರಿಯೊಡನೆ ಅರೆದು, ಮಜ್ಜಿಗೆಯಲ್ಲಿ ಕದಡಿ, ಒಗ್ಗರಣೆ ಕೊಡುತ್ತಾರೆ. ಸಾರಿನಂತೆ ಒಲೆಯ ಮೇಲೆ ಕುದಿಸುವುದಿಲ್ಲ. ತಣ್ಣಗಿರುವುದು, ಹುಳಿಯಾಗಿರುವುದು: ಇವೆರಡೇ ಅದರ ಲಕ್ಷಣ, ಅವೆರಡೇ ಅದರ ಹೆಸರು. ತಣ್ ಎಂಬುದಕ್ಕೆ ಪುಳಿ ಸೇರಿ ತಂಬುಳಿ. ಕಣ್ ಎಂಬುದಕ್ಕೆ ಪನಿ ಸೇರಿ ಕಂಬನಿ ಎಂದು ನಾವು ವರ್ಷವರ್ಷವೂ ಆದೇಶಸಂಧಿಯನ್ನು ಪಾಠ ಹೇಳುತ್ತೇವೆ. ಒಂದು ದಿನ ತರಗತಿಯಲ್ಲಿ ಆ ಉದಾಹರಣೆಯನ್ನು ಬರೆಯುತ್ತಿರುವಾಗ ನಮ್ಮ ಕೈ ತಟ್ಟನೆ ನಿಂತಿತು. ಕಾಲಕ್ರಮದಲ್ಲಿ ಕನ್ನಡದ ಪಾಲು ಹಾಲಾಯಿತು, ಪೂವು ಹೂವಾಯಿತು, ಪುಳಿ ಹುಳಿಯಾಯಿತು. ತಂಬುಳಿಯೊಳಗಿನ ಪಕಾರವಾದರೋ ಆ ವೇಳೆಗಾಗಲೇ ಬಕಾರವಾಗಿ ಕುಳಿತಿದ್ದರಿಂದ ಹಕಾರಕ್ಕೆ ಸಿಕ್ಕಲಿಲ್ಲ. ನಾವು ಗ್ರಾಮ್ಯವೆಂದು ಗೀಟೆಳೆದ ಮಾತು ಹಳಗನ್ನಡದ ಸಂಧಿಯನ್ನು ಅಡಿಗೆಮನೆಯಲ್ಲಿ ಕಾಪಾಡಿಕೊಂಡು ಬಂದಿತ್ತು.

ಅದೇ 'ತಣ್' ತಂಗಳಿನಲ್ಲಿಯೂ ಇದೆ. ತಣ್ಣನೆಯ ಕೂಳೇ ತಂಗೂಳು, ಅದೇ ತಂಗಳು. ಹಳಗನ್ನಡದಲ್ಲಿ ಕೂಳು ಎಂದರೆ ಅನ್ನವೆಂದೇ ಅರ್ಥ, ಅದರಲ್ಲಿ ಕೀಳೇನೂ ಇರಲಿಲ್ಲ. ಈಗ ಪಟ್ಟಣದಲ್ಲಿ ಆ ಮಾತು ಕೇಳಬರುವುದು ಬೈಗುಳದಲ್ಲಿ ಮಾತ್ರ. ಊಟ, ಅನ್ನ, ಭೋಜನಗಳನ್ನು ನಾವು ನೆಂಟರಿಗೆ ಬಡಿಸಿ, ಕೂಳನ್ನು ಸೋಮಾರಿಗಳಿಗೆ ಮೀಸಲಿಟ್ಟೆವು. ಮಾತು ಕೆಟ್ಟದ್ದಲ್ಲ; ಅದನ್ನು ಆಡುತ್ತಿದ್ದ ಬಡವರ ಮೇಲಿನ ತಾತ್ಸಾರವು ಮಾತಿಗೂ ತಗುಲಿತೆಂದು ನಮಗೆ ತೋರುತ್ತದೆ.

ಅಂದು ತರಗತಿಯಲ್ಲಿ ಕಂಬನಿಯ ಪಕ್ಕದಲ್ಲಿ ತಂಬುಳಿಯನ್ನೂ ಕಪ್ಪುಹಲಗೆಯ ಮೇಲೆ ಬರೆದೆವು. ಆದರೆ ಆ ವಿದ್ಯಾರ್ಥಿಯು ಅಷ್ಟರಲ್ಲಿ ಕಾಲೇಜು ಮುಗಿಸಿ ಹೋಗಿದ್ದನು. ಅವನ ತಾಯಿಯ ಮಾತನ್ನು ಅವನ ಕೈಯಿಂದಲೇ ನಾವು ಹೊಡೆಸಿದ್ದೆವು. ಅದನ್ನು ಅವನಿಗೆ ಹಿಂದಕ್ಕೆ ಕೊಡಲು ಆಗಲಿಲ್ಲ. ಶ್ರೋತೃಗಳಲ್ಲಿ ಅನೇಕರಿಗೆ ಇಂಥ ಊರುಗಳಲ್ಲಿ ಅಜ್ಜಿಯರೂ ಅತ್ತೆಯರೂ ಇರುವರು. ಮುಂದಿನ ಸಲ ಹೋದಾಗ ಅವರು ತಿನಿಸಿಗೆ, ಗದ್ದೆಗೆ, ದೇವರಿಗೆ ಹೇಳುವ ಹೆಸರುಗಳನ್ನು ತಿದ್ದದೆ, ಅವರ ಬಾಯಲ್ಲಿ ಬಂದಂತೆಯೇ ಬರೆದಿಟ್ಟುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ.