ನದಿಯ ಹಳೆಯ ಮೆಟ್ಟಿಲು ಭೂಮಿ ಮತ್ತು ಗೋಮಾಳ

ಮಲಪ್ರಭಾ, ಘಟಪ್ರಭಾ ಕಣಿವೆಗಳ ಕೆಲವೆಡೆ ಇಂದಿನ ನದಿಪಾತ್ರಕ್ಕಿಂತ ಎತ್ತರದಲ್ಲಿ ಮೆಟ್ಟಿಲಿನಾಕಾರದ ಸಮತಟ್ಟು ಭೂಮಿ ಕಂಡುಬರುತ್ತದೆ. ನದಿಯು ತಳವನ್ನು ಕೊರೆದು ಕೆಳಗಿಳಿದಾಗ ಮೇಲೆ ಉಳಿದ ಹಳೆಯ ಮೆಕ್ಕಲು ಬಯಲೇ ಇದು. ಇದರ ಅಡಿಯಲ್ಲಿ ಉರುಟು ಕಲ್ಲುಗಳ ಪದರವೂ, ಮೇಲೆ ಸುಣ್ಣದ ಹರಳುಗಳುಳ್ಳ ಹೂಳುಮಣ್ಣೂ ಇರುತ್ತವೆ.

ಮಣ್ಣು ಹಸಿಯಿರುವಾಗ ಜಾನುವಾರುಗಳು ಅತಿಯಾಗಿ ತುಳಿದರೆ ನೆಲವು ಗಟ್ಟಿಯಾಗಿ, ಮಳೆನೀರು ಇಂಗದೆ ಹರಿದು, ಅಂಚಿನಲ್ಲಿ ಕೊರಕಲುಗಳು ಉಂಟಾಗುತ್ತವೆ. ಪ್ರವಾಹವು ಈ ಎತ್ತರಕ್ಕೆ ತಲುಪದಿರುವುದರಿಂದ ಕೊಚ್ಚಿಹೋದ ಮಣ್ಣು ಮರಳಿ ತುಂಬುವುದಿಲ್ಲ. ಆದುದರಿಂದ ಅಂಚಿನ ಹುಲ್ಲುಹೊದಿಕೆಯನ್ನು ಉಳಿಸುವುದು ಅವಶ್ಯಕ.

ಸರ್ಕಾರಿ ಜಮೀನನ್ನು ಗೋಮಾಳಕ್ಕೆ ಕಾಯ್ದಿರಿಸಲು ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 71ನೇ ಪ್ರಕರಣವು ಅವಕಾಶ ಕಲ್ಪಿಸುತ್ತದೆ. ಇಂತಹ ಜಮೀನಿಗೆ ಸಂಬಂಧಿಸಿದಂತೆ ಅರ್ಜಿ ಸಲ್ಲಿಸುವ ಸಾರ್ವಜನಿಕರು ಮೊದಲು ಪಹಣಿಯಲ್ಲಿನ ನಮೂದನ್ನು ಪರಿಶೀಲಿಸಿಕೊಳ್ಳಲು ಕೋರಲಾಗಿದೆ.